ಥೈಮಸ್ಸಿನ ಕವಲು: ಟಿ ಕೋಶದ ಕುರಿತು ಸೆಮಿನಾರಿಗೆ ಸಿದ್ಧವಾಗುವ ಬಗೆ

ಬಳ್ಳಾರಿ, ಕೊಪ್ಪಳ, ರಾಯಚೂರುಗಳ ಪದವಿ ವಿದ್ಯಾರ್ಥಿಗಳು ರೋಗನಿರೋಧಕ ಶಾಸ್ತ್ರದ ಸೆಮಿನಾರಿನಲ್ಲಿ ‘ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್ ಕೋಶದ ದಾರಿಯನ್ನು ನಿರ್ಧರಿಸುತ್ತದೆ’ ಎಂದು ಹೇಳಿ ಮುಂದಿನ ಸ್ಲೈಡಿಗೆ ಹೋಗಿಬಿಡುತ್ತಾರೆ. ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್ ಎಂದರೆ ಜೀನುಗಳನ್ನು ಚಾಲನೆಗೆ ತರುವ ಇಲ್ಲವೇ ಅದುಮುವ ಪ್ರೊಟೀನು. ಅದು ದಾರಿಯನ್ನು ನಿರ್ಧರಿಸುತ್ತದೆಂದು ಗೊತ್ತಾದದ್ದು ಹೇಗೆ ಎಂಬುದೇ ವಿಷಯದ ತಿರುಳಾದ್ದರಿಂದ, ಹತ್ತು ಹೆಸರುಗಳನ್ನು ಪಟ್ಟಿ ಮಾಡುವ ಬದಲು ಟಿಎಚ್‌ಪಾಕ್ ಎಂಬ ಒಂದೇ ಫ್ಯಾಕ್ಟರನ್ನು ಆರಿಸಿಕೊಳ್ಳಿ.

ಮೊದಲು ಕವಲನ್ನು ಬರೆದು ತೋರಿಸಿ. ಎದೆಯಲ್ಲಿ ಹೃದಯದ ಮೇಲ್ಭಾಗದಲ್ಲಿರುವ ಥೈಮಸ್ ಗ್ರಂಥಿಯಲ್ಲಿ ಎಳೆಯ ಟಿ ಕೋಶವು (ರೋಗದ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣ) ಸಿಡಿ4, ಸಿಡಿ8 ಎಂಬ ಎರಡೂ ಮೇಲ್ಮೈ ಪ್ರೊಟೀನುಗಳನ್ನು ಹೊತ್ತಿದ್ದು, ಬಳಿಕ ಒಂದನ್ನು ಬಿಟ್ಟುಕೊಡುತ್ತದೆ. ಎರಡನೆಯ ವರ್ಗದ ಎಂಎಚ್‌ಸಿಯನ್ನು (ಇತರ ಕೋಶಗಳ ಮೇಲಿದ್ದು, ಪ್ರೊಟೀನಿನ ತುಣುಕುಗಳನ್ನು ಟಿ ಕೋಶಕ್ಕೆ ತೋರಿಸುವ ಅಣು) ಗುರುತಿಸುವ ಕೋಶ ಸಾಮಾನ್ಯವಾಗಿ ಸಿಡಿ4 ಸಹಾಯಕ ಕೋಶವಾಗುತ್ತದೆ, ಒಂದನೆಯ ವರ್ಗದ್ದನ್ನು ಗುರುತಿಸುವ ಕೋಶ ಸಿಡಿ8 ಮಾರಕ ಕೋಶವಾಗುತ್ತದೆ. ತುಂಗಭದ್ರೆಯ ನೀರು ಎಡದಂಡೆಗೂ ಬಲದಂಡೆಗೂ ಹಂಚಿಹೋಗುವುದನ್ನು ಕಂಡವರಿಗೆ ಈ ಚಿತ್ರ ಬೇಗ ಹತ್ತುತ್ತದೆ. ಆದರೆ ಕೋಶದಲ್ಲಿ ಗೇಟು ಎತ್ತುವವರು ಯಾರೂ ಇಲ್ಲ ಎಂಬುದನ್ನೂ ಅಲ್ಲಿಯೇ ಹೇಳಿಬಿಡಿ.

ಇನ್ನು ಪುರಾವೆ, ಸಮಯವನ್ನು ಇಲ್ಲಿಯೇ ಖರ್ಚು ಮಾಡಿ. ಸಹಾಯಕ ಕೋಶಗಳೇ ಇಲ್ಲದ ಒಂದು ಬಗೆಯ ಇಲಿಯಲ್ಲಿ ಟಿಎಚ್‌ಪಾಕ್ ಜೀನಿನ ಡಿಎನ್‌ಎಯಲ್ಲಿ ಒಂದೇ ಅಕ್ಷರ ಕೆಟ್ಟಿತ್ತೆಂದು 2005ರಲ್ಲಿ ಪ್ರಕಟವಾಯಿತು. ಇಷ್ಟಕ್ಕೆ ನಿಲ್ಲಿಸಿದರೆ ವಾದ ಅರ್ಧವಾಗುತ್ತದೆ, ಏಕೆಂದರೆ ಆ ಕೋಶಗಳು ಸತ್ತುಹೋಗಿರಬಹುದು ಅಥವಾ ದಾರಿ ಬದಲಿಸಿರಬಹುದು, ಬರೀ ಎಣಿಕೆಯಿಂದ ಈ ಎರಡರ ವ್ಯತ್ಯಾಸ ತಿಳಿಯುವುದಿಲ್ಲ. ಎರಡನೆಯ ವರ್ಗದ ಎಂಎಚ್‌ಸಿಯನ್ನು ಗುರುತಿಸುವ ಕೋಶಗಳನ್ನಷ್ಟೇ ಹಿಂಬಾಲಿಸಿದಾಗ, ಅವು ಸಾಯದೆ ಸಿಡಿ8 ಕೋಶಗಳಾಗಿ ಬೆಳೆದದ್ದು ಕಂಡಿತು. ಎಳೆಯ ಕೋಶಗಳಲ್ಲೆಲ್ಲ ಟಿಎಚ್‌ಪಾಕನ್ನು ಬಲವಂತವಾಗಿ ತಯಾರಾಗುವಂತೆ ಮಾಡಿದಾಗಲಂತೂ ಸಿಡಿ8 ಆಗಬೇಕಿದ್ದವೂ ಸಿಡಿ4 ಆದವು. ತೆಗೆದರೆ ಒಂದು ಕಡೆಗೆ, ಸೇರಿಸಿದರೆ ಇನ್ನೊಂದು ಕಡೆಗೆ ಕೋಶ ವಾಲುವುದನ್ನು ಒಟ್ಟಿಗೆ ತೋರಿಸಿದಾಗ ಮಾತ್ರ ‘ನಿರ್ಧರಿಸುತ್ತದೆ’ ಎಂಬ ಕ್ರಿಯಾಪದಕ್ಕೆ ಆಧಾರ ಸಿಗುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಕೊನೆಯ ಸ್ಲೈಡಿನಲ್ಲಿ ಟಿಎಚ್‌ಪಾಕನ್ನು ಒಂಟಿಯಾಗಿ ನಿಲ್ಲಿಸಬೇಡಿ. ಎಂಎಚ್‌ಸಿಯನ್ನು ಗುರುತಿಸುವ ಟಿ ಕೋಶದ ಗ್ರಾಹಕದಿಂದ ಬರುವ ಸಂಕೇತ ಗಟ್ಟಿಯಾಗಿ, ಹೆಚ್ಚು ಹೊತ್ತು ಉಳಿದಾಗ ಗಾಟಾ3 ಎಂಬ ಇನ್ನೊಂದು ಫ್ಯಾಕ್ಟರ್ ಟಿಎಚ್‌ಪಾಕನ್ನು ಚಾಲನೆಗೆ ತರಲು ನೆರವಾಗುತ್ತದೆ. ಸಿಡಿ8 ದಾರಿ ಹಿಡಿದ ಕೋಶದಲ್ಲಿ ರಂಕ್ಸ್3 ಎಂಬ ಫ್ಯಾಕ್ಟರ್ ಟಿಎಚ್‌ಪಾಕನ್ನು ಅದುಮುತ್ತದೆ, ಸಿಡಿ4 ಕೋಶದಲ್ಲಿ ಟಿಎಚ್‌ಪಾಕ್ ರಂಕ್ಸ್3ನ್ನು ಅದುಮುತ್ತದೆ. ಗಾಟಾ3ರಿಂದ ಟಿಎಚ್‌ಪಾಕಿನ ಕಡೆಗೆ ಬಾಣವನ್ನು ಬರೆಯಿರಿ, ಟಿಎಚ್‌ಪಾಕ್ ಮತ್ತು ರಂಕ್ಸ್3ರ ನಡುವೆ ಎರಡೂ ಕಡೆಯಿಂದ ಅದುಮುವುದನ್ನು ಸೂಚಿಸುವ ಮೊಂಡು ತುದಿಯ ಗೆರೆಗಳನ್ನು ಎಳೆಯಿರಿ.