ಆಣೆ ಇಟ್ಟ ಮೂರನೆಯ ರಾತ್ರಿ

ದಾವಣಗೆರೆಯ ಎಪಿಎಂಸಿ ಪ್ರಾಂಗಣದ ದಲಾಲಿ ಮಂಡಿಯೊಂದರಲ್ಲಿ ನಾನು ಗುಮಾಸ್ತ. ಮೆಕ್ಕೆಜೋಳದ ಸುಗ್ಗಿಯಲ್ಲಿ ತೂಕ, ಲೋಡಿಂಗ್ ಮುಗಿಯುವಾಗ ರಾತ್ರಿಯಾಗುತ್ತದೆ. ಮೈಕೈ ನೋವಿನ ನೆಪದಲ್ಲಿ ಕುಡಿತ ಶುರುವಾಯಿತು. 2007ರ ಜುಲೈ 1ರಿಂದ ಸಾರಾಯಿ ನಿಂತಾಗ ನಮ್ಮ ಹಮಾಲರು ಪಾಕೆಟ್ ಬಿಟ್ಟು ಅಗ್ಗದ ವಿಸ್ಕಿಗೆ ಹೊರಳಿದರು. ಅವರ ಜೊತೆ ತೊಂಬತ್ತು ಎಂ.ಎಲ್.ಗೆ ಕೂರುತ್ತಿದ್ದ ನಾನು ಕೆಲವು ವರ್ಷಗಳಲ್ಲಿ ದಿನಕ್ಕೆ ಮೂರು ಕ್ವಾರ್ಟರಿಗೆ ಬಂದೆ. ಬೆಳಿಗ್ಗೆ ಒಂದು ಗುಟುಕು ಇಳಿಯದಿದ್ದರೆ ಬರೆದ ಅಂಕಿಯನ್ನು ನಾನೇ ಓದಲಾರದಷ್ಟು ಕೈ ನಡುಗುತ್ತಿತ್ತು.

ಒಂದು ಮಂಗಳವಾರ ದುಗ್ಗಮ್ಮನ ಗುಡಿಯಲ್ಲಿ ಕರ್ಪೂರ ಮುಟ್ಟಿ, ಇನ್ನು ಕುಡಿಯುವುದಿಲ್ಲವೆಂದು ಆಣೆ ಮಾಡಿದೆ. ಹೆಂಡತಿ ಹೋಳಿಗೆ ಮಾಡಿದಳು. ಮರುದಿನ ಬೆವರು, ವಾಂತಿ, ನಿದ್ದೆಯ ಸುಳಿವಿಲ್ಲ. ಮೂರನೆಯ ರಾತ್ರಿ ಗೋಡೆಯ ಮೇಲೆ ಮೆಕ್ಕೆಜೋಳದ ಕಾಳುಗಳು ಹುಳುಗಳಂತೆ ಹರಿದಾಡತೊಡಗಿದವು. ಹಾಸಿಗೆಯ ಮೇಲೆ ಕುಳಿತು ಖಾಲಿ ಚೊಂಬಿನಿಂದ ಮೊಗೆಮೊಗೆದು ಸುರಿಯುತ್ತ ಎಣಿಸುತ್ತಿದ್ದೆನಂತೆ: ‘ಲಾಭ, ಎರಡು, ಮೂರು...’ ಕಾಳು ಅಳೆಯುವಾಗ ‘ಒಂದು’ ಎನ್ನಬಾರದೆಂದು ಅಪ್ಪ ಕಲಿಸಿದ್ದು ಬುದ್ಧಿ ಕೆಟ್ಟಾಗಲೂ ಮರೆತಿರಲಿಲ್ಲ! ಪಕ್ಕದ ಮನೆಯವರು ಗಾಳಿ ಸೋಂಕೆಂದು ತಾಯತ ತಂದರು. ಮೈ ಕೆಂಡವಾಗಿ, ಹೆಂಡತಿಯ ಗುರುತೂ ಹತ್ತದಾದಾಗ ಆಸ್ಪತ್ರೆಗೆ ಒಯ್ದರು.

‘ಡಲೀರಿಯಂ ಟ್ರೆಮೆನ್ಸ್’ ಎಂದರು ವೈದ್ಯರು. ವಿಪರೀತ ಕುಡಿಯುವವನು ಥಟ್ಟನೆ ಬಿಟ್ಟಾಗ, ಕೊನೆಯ ಕುಡಿತದ ನಂತರ ಎರಡು–ಮೂರು ದಿನಕ್ಕೆ ಬರುವ ಈ ಸ್ಥಿತಿಗೆ ಚಿಕಿತ್ಸೆ ಸಿಗದಿದ್ದರೆ ಜೀವ ಹೋಗಬಹುದು. ಮದ್ಯ ವರ್ಷಗಟ್ಟಲೆ ಮೆದುಳನ್ನು ಮಂಕು ಮಾಡುತ್ತದೆ, ಮೆದುಳು ಅದಕ್ಕೆ ಎದುರಾಗಿ ಜಗ್ಗುತ್ತಿರುತ್ತದೆ. ಹಗ್ಗದ ಒಂದು ತುದಿಯನ್ನು ಥಟ್ಟನೆ ಬಿಟ್ಟರೆ ಇನ್ನೊಂದು ತುದಿಯವನು ಮುಗ್ಗರಿಸುತ್ತಾನಲ್ಲ, ಹಾಗೆ. ಮೊದಲು ಥಯಮಿನ್, ಅಂದರೆ ಬಿ1 ಜೀವಸತ್ವದ ಚುಚ್ಚುಮದ್ದು, ಆಮೇಲೆ ಗ್ಲೂಕೋಸ್. ಆ ಜೀವಸತ್ವ ಬರಿದಾದ ಮೈಗೆ ಬರೀ ಗ್ಲೂಕೋಸ್ ಏರಿಸಿದರೆ ಮೆದುಳಿಗೆ ಪೆಟ್ಟಾಗುವ ಅಪಾಯವಿದೆಯಂತೆ. ‘ಎರಡು ಬಾಟಲಿ ಗ್ಲೂಕೋಸ್ ಹಾಕಿಸಿದರೆ ಸರಿಹೋಗುತ್ತದೆ’ ಎಂದಿದ್ದ ನಮ್ಮ ಮಾವನವರಿಗೆ ಇದನ್ನು ಇನ್ನೂ ನಂಬಲಾಗಿಲ್ಲ. ನಡುಕದ ಮಾತ್ರೆಯನ್ನು ದಿನದಿನಕ್ಕೆ ಇಳಿಸುತ್ತ ನಿಲ್ಲಿಸಿದರು.

ಮನೆಗೆ ಬಂದ ಮೇಲೆ ಸಂಜೆ ಏಳು ಗಂಟೆಯೇ ನನ್ನ ಶತ್ರು. ಹಸಿವಿಗೂ ಕುಡಿಯುವ ಆಸೆಗೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಆರಕ್ಕೇ ಮಂಡಿಯಲ್ಲಿ ಬುತ್ತಿ ಬಿಚ್ಚತೊಡಗಿದೆ. ಖಾರ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ನೋಡಿದರೆ ಗ್ಲಾಸು ನೆನಪಾಗುತ್ತಿದ್ದುದರಿಂದ ಆರು ತಿಂಗಳು ಅವೆರಡನ್ನೂ ಬಿಟ್ಟೆ. ದಾವಣಗೆರೆಯವನಿಗೆ ಇದೇನು ಸಣ್ಣ ತ್ಯಾಗವೇ? ಸಂಬಳ ಹೆಂಡತಿಯ ಕೈಗೆ, ಮನೆಗೆ ಬಾರ್ ಇಲ್ಲದ ದಾರಿ.

ಯಾರೋ ಅವಳಿಗೆ ನನಗೆ ತಿಳಿಯದಂತೆ ಸಾರಿನಲ್ಲಿ ಕಲೆಸಲು ಕುಡಿತ ಬಿಡಿಸುವ ಪುಡಿಯೊಂದನ್ನು ಕೊಟ್ಟಿದ್ದರು. ತೋರಿಸಿದಾಗ ವೈದ್ಯರು ಸಿಡಿಮಿಡಿಗೊಂಡರು. ಅಂಥದರಲ್ಲಿ ಡೈಸಲ್ಫಿರಾಂ ಎಂಬ ಔಷಧ ಇರಬಹುದು, ತಿಳಿಯದೆ ಅದರ ಮೇಲೆ ಕುಡಿದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಬರಬಹುದು. ಆ ಔಷಧವನ್ನು ಕುಡಿಯುವವನಿಗೆ ತಿಳಿಸಿ, ಒಪ್ಪಿಸಿಯೇ ಕೊಡಬೇಕು.

ಒಮ್ಮೆ ಬೀಗರ ಊಟದಲ್ಲಿ ಜಾರಿದೆ. ಮುಚ್ಚಿಡದೆ ಮರುದಿನವೇ ವೈದ್ಯರಿಗೆ ಹೇಳಿದೆ. ರಾತ್ರಿ ಹೊತ್ತು ಮನಸ್ಸು ಎಳೆದಾಗ 14446ಕ್ಕೆ ಕರೆ ಮಾಡಿದ್ದೂ ಉಂಟು. ಅದು ವ್ಯಸನಮುಕ್ತಿಯ ಉಚಿತ ಸಹಾಯವಾಣಿ.

ಕಳೆದ ಸುಗ್ಗಿಯಲ್ಲಿ ಹಮಾಲಿ ಹುಡುಗನೊಬ್ಬ ಬಂದು, ‘ಅಣ್ಣ, ನಾಳೆ ದುಗ್ಗಮ್ಮನ ಮುಂದೆ ಆಣೆ ಇಡುತ್ತೇನೆ, ನೀವೂ ಬನ್ನಿ’ ಎಂದ. ಬೆಳಿಗ್ಗೆ ಕೈ ನಡುಗುತ್ತದೆಯೇ ಎಂದು ಕೇಳಿದೆ. ಹೌದೆಂದು ತಲೆಯಾಡಿಸಿದ. ಗುಡಿಗೆ ನಾಡಿದ್ದು ಹೋಗೋಣ ಎಂದು ಅವನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಆಸ್ಪತ್ರೆಯ ಕಡೆ ಹೊರಟೆ.