ಸಿಲಿಕೋನ್ ಕಿವಿ, ಮೂಗು ಬಣ್ಣಗೆಡದಂತೆ ಶುಚಿಗೊಳಿಸುವುದು ಹೇಗೆ?

ಕ್ಯಾನ್ಸರ್ ಶಸ್ತ್ರಚಿಕಿತ್ಸೆಯಲ್ಲೋ ಅಪಘಾತದಲ್ಲೋ ಕಿವಿ, ಮೂಗು ಕಳೆದುಕೊಂಡವರಿಗೆ ಅಳವಡಿಸುವ ಸಿಲಿಕೋನ್ ಅಂಗದ ಬಣ್ಣ ಎರಡು ಪದರಗಳಲ್ಲಿರುತ್ತದೆ: ಒಂದು ಸಿಲಿಕೋನ್ ಒಳಗೇ ಬೆರೆಸಿದ್ದು, ಇನ್ನೊಂದು ಚರ್ಮದ ಕೆಂಪು, ಮಚ್ಚೆ, ನರಗಳ ಛಾಯೆಗಾಗಿ ಮೇಲೆ ಬಳಿದದ್ದು. ಶುಚಿಗೊಳಿಸುವಾಗ ಮೊದಲು ಏಟು ಬೀಳುವುದು ಈ ಮೇಲ್ಪದರಕ್ಕೆ.

ರಾತ್ರಿ ಅಂಗವನ್ನು ತೆಗೆದು, ಅಂಚಿಗೆ ಹತ್ತಿದ ಅಂಟನ್ನು ಬೆರಳಿನಿಂದ ಸುರುಳಿ ಮಾಡುತ್ತಾ ಬಿಡಿಸಬೇಕು. ಅಂಚು ಚರ್ಮದಲ್ಲಿ ಬೆರೆತಂತೆ ಕಾಣಲೆಂದು ಕಾಗದದಷ್ಟು ತೆಳುವಾಗಿರುವುದರಿಂದ ಎಳೆದರೆ ಹರಿಯುತ್ತದೆ. ಅಸಿಟೋನಿನಂತಹ ದ್ರಾವಕವಂತೂ ಬೇಡವೇ ಬೇಡ. ಆಮೇಲೆ ಉಗುರುಬೆಚ್ಚಗಿನ ನೀರು, ಸೌಮ್ಯವಾದ ದ್ರವ ಸಾಬೂನು ಬಳಸಿ ಬೆರಳ ತುದಿಯಿಂದ ತೊಳೆಯಬೇಕು. ನಮ್ಮ ವಿಜಯಪುರದ ಕಡೆ ಗಡಸಾದ ಬೋರ್‌ವೆಲ್ ನೀರು ಒಣಗಿದ ಮೇಲೆ ಬಿಳಿ ಪೊರೆ ಉಳಿಸುತ್ತದೆ; ಅದನ್ನು ಕಂಡು ಬಣ್ಣ ಹೋಯಿತೆಂದು ಗಾಬರಿಯಾಗುವ ಬದಲು, ಕೊನೆಯ ಸಲ ಶುದ್ಧೀಕರಿಸಿದ ನೀರಿನಲ್ಲಿ ಜಾಲಿಸುವುದು ಲೇಸು.

ಬೆವರು, ಚರ್ಮದ ಎಣ್ಣೆ ಸೇರಿದಲ್ಲಿ ಕ್ಯಾಂಡಿಡಾದಂತಹ ಶಿಲೀಂಧ್ರ ಬೆಳೆಯುವುದರಿಂದ ಸೋಂಕುನಿವಾರಣೆಯೂ ಬೇಕಾಗುತ್ತದೆ. ಶೇ 1ರ ಸೋಡಿಯಂ ಹೈಪೋಕ್ಲೋರೈಟ್ ಸೂಕ್ಷ್ಮಜೀವಿಗಳನ್ನು ಚೆನ್ನಾಗಿ ಕೊಲ್ಲುತ್ತದೆ, ಆದರೆ ಬಟ್ಟೆಯ ಬಣ್ಣ ತೆಗೆಯುವ ಬ್ಲೀಚಿಂಗ್ ಗುಣವೂ ಅದಕ್ಕಿದೆ. ಶೇ 4ರ ಕ್ಲೋರ್‌ಹೆಕ್ಸಿಡಿನ್ ಎಂಬ ಸೋಂಕುನಿವಾರಕ ಅಷ್ಟು ಕಠಿಣವಲ್ಲವಾದರೂ ಪದೇ ಪದೇ ಬಳಸಿದರೆ ಬಣ್ಣ ಬದಲಾಗಬಹುದು. ಇವೆರಡನ್ನೂ ಒಂದರ ಮೇಲೊಂದು ಬಳಸಿದರೆ ಕಂದು ಬಣ್ಣದ ಗಸಿ ಕೂಡುತ್ತದೆ. ಇದನ್ನು ಬಹಳ ಜನ ಗಮನಿಸುವುದಿಲ್ಲ. ಯಾವ ದ್ರಾವಣ, ಎಷ್ಟು ಹೊತ್ತು, ಎಷ್ಟು ದಿನಕ್ಕೊಮ್ಮೆ ಎಂಬುದು ಸಿಲಿಕೋನ್‌ನ ಬಗೆ ಮತ್ತು ಬಣ್ಣದ ಪುಡಿಯನ್ನು ಅವಲಂಬಿಸುವುದರಿಂದ, ಅಂಗ ಮಾಡಿಕೊಟ್ಟ ವೈದ್ಯರೇ ಅದನ್ನು ಹೇಳಬೇಕು. ಐರನ್ ಆಕ್ಸೈಡ್‌ನಂತಹ ಖನಿಜ ಬಣ್ಣಗಳು ಸಾಮಾನ್ಯವಾಗಿ ಸಾವಯವ (ಇಂಗಾಲದ ಸಂಯುಕ್ತಗಳಿಂದಾದ) ಬಣ್ಣಗಳಿಗಿಂತ ಹೆಚ್ಚು ಬಾಳುತ್ತವೆ.

ತೊಳೆದ ಮೇಲೆ ಮೆತ್ತಗಿನ ಬಟ್ಟೆಯಲ್ಲಿ ಒತ್ತಿ ನೀರು ತೆಗೆದು, ನೆರಳಲ್ಲಿ ಆರಿಸಿ, ಮುಚ್ಚಿದ ಡಬ್ಬಿಯಲ್ಲಿಡಬೇಕು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ ಮಾಳಿಗೆಯ ಮೇಲೆ ಬಿಸಿಲಿಗೆ ಒಣಗಿಸಿದರೆ, ಅಲ್ಟ್ರಾವಯಲೆಟ್ ಕಿರಣಗಳಿಂದಲೇ ಬಣ್ಣ ಮಾಸಬಹುದು; ಆ ಹಾನಿಗೆ ಸುಮ್ಮನೆ ದ್ರಾವಣವನ್ನು ದೂರಿದಂತಾಗುತ್ತದೆ.

ಪ್ರಯೋಗಾಲಯದಲ್ಲಿ ಬಣ್ಣದ ವ್ಯತ್ಯಾಸವನ್ನು ‘ಡೆಲ್ಟಾ ಇ’ ಎಂಬ ಅಂಕಿಯಲ್ಲಿ ಅಳೆಯುತ್ತಾರೆ. ತಿಳಿ ಮೈಬಣ್ಣದ ಸಿಲಿಕೋನ್‌ಗೆ ಸುಮಾರು 3, ಕಪ್ಪು ಮೈಬಣ್ಣದ್ದಕ್ಕೆ ಸುಮಾರು 4.4ರವರೆಗಿನ ವ್ಯತ್ಯಾಸವನ್ನು ಒಪ್ಪಬಹುದೆಂದು ಎಣಿಸಲಾಗುತ್ತದೆ. ಮನೆಯಲ್ಲಿ ಅಷ್ಟೆಲ್ಲ ಬೇಕಿಲ್ಲ. ತಿಂಗಳಿಗೊಮ್ಮೆ ಅದೇ ಕಿಟಕಿಯ ಬೆಳಕಿನಲ್ಲಿ, ಅದೇ ಹೊತ್ತಿಗೆ, ಅಂಗವನ್ನು ಪಕ್ಕದ ಚರ್ಮದೊಂದಿಗೆ ಸೇರಿಸಿ ಫೋಟೊ ತೆಗೆದಿಟ್ಟರೆ ಸಾಕು. ವ್ಯತ್ಯಾಸ ಎದ್ದು ಕಂಡರೆ ಮನೆಯಲ್ಲೇ ಬಣ್ಣ ಬಳಿಯಲು ಹೋಗದೆ, ಆ ಫೋಟೊಗಳೊಂದಿಗೆ ಬಳಸುತ್ತಿರುವ ದ್ರಾವಣದ ಬಾಟಲಿಯನ್ನೂ ವೈದ್ಯರಲ್ಲಿಗೆ ಒಯ್ಯಿರಿ.