ತರಗತಿ ಗುಂಪಿನ ಬದಲು ಬ್ರಾಡ್‌ಕಾಸ್ಟ್ ಪಟ್ಟಿ

ಶಿಕ್ಷಕರೇ, ಮನೆಗೆಲಸದ ಸೂಚನೆ ಕಳುಹಿಸಲು ವಾಟ್ಸ್‌ಆ್ಯಪ್‌ನಲ್ಲಿ ಗುಂಪು ಕಟ್ಟುವ ಬದಲು ಪೋಷಕರ ಬ್ರಾಡ್‌ಕಾಸ್ಟ್ ಪಟ್ಟಿ, ಅಂದರೆ ಒಂದೇ ಸಂದೇಶವನ್ನು ಒಮ್ಮೆಗೇ ಹಲವರಿಗೆ ಕಳುಹಿಸುವ ಪಟ್ಟಿ, ಮಾಡಿಕೊಳ್ಳಿ. ಸಂದೇಶ ಪ್ರತಿಯೊಬ್ಬರಿಗೂ ಬೇರೆಬೇರೆಯಾಗಿ ತಲುಪುವುದರಿಂದ ತಾಯಂದಿರ ಮೊಬೈಲ್ ಸಂಖ್ಯೆ ಕಂಡಕಂಡವರ ಕೈಗೆ ಸಿಗುವುದಿಲ್ಲ; ‘ನನ್ನ ಮಗನಿಗೆ ಗಣಿತದಲ್ಲಿ ಏಕೆ ಹನ್ನೆರಡೇ ಅಂಕ?’ ಎಂಬ ಪ್ರಶ್ನೆಯೂ ನಿಮಗೊಬ್ಬರಿಗೇ ಬರುತ್ತದೆ, ಉಳಿದ ನಲವತ್ತು ಮನೆಯವರು ಓದುವುದಿಲ್ಲ. ಶುಭೋದಯದ ಗುಲಾಬಿ ಹೂಗಳ ಕಾಟ ತಪ್ಪುವುದು ಬೇರೆ! ಆದರೆ ನಿಮ್ಮ ಸಂಖ್ಯೆಯನ್ನು ತಮ್ಮ ಫೋನಿನಲ್ಲಿ ಉಳಿಸಿಕೊಳ್ಳದವರಿಗೆ ಸಂದೇಶ ಹೋಗುವುದೇ ಇಲ್ಲ. ಪೋಷಕರ ಸಭೆಯಲ್ಲಿ, ನಿಮ್ಮ ಎದುರಿಗೇ, ಸಂಖ್ಯೆ ಉಳಿಸಿಕೊಳ್ಳಲು ಹೇಳಿ. ಆಮೇಲೂ ಅನುಮಾನವಿದ್ದರೆ ಕಳುಹಿಸಿದ ಸಂದೇಶವನ್ನು ಒತ್ತಿ ಹಿಡಿದು ಅದರ ಮಾಹಿತಿ ತೆರೆಯಿರಿ, ಯಾರಿಗೆ ತಲುಪಿದೆ ಎಂಬುದು ಹೆಸರು ಸಮೇತ ಕಾಣಿಸುತ್ತದೆ. ಪೋಷಕರು ತಮ್ಮತಮ್ಮಲ್ಲೇ ಚರ್ಚಿಸಬೇಕಾದ ವಿಷಯಕ್ಕೆ, ಪ್ರವಾಸದ ವಾಹನದಂಥದ್ದಕ್ಕೆ, ಗುಂಪೇ ಬೇಕು.